ಮುಲುಂಡಿನ ಬೇರು, ಕಣ್ಣಿನೊಳಗಿನ ನೀರು



ಇಂಥ ದತ್ತಿ ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಪಂಪನೋ ಕುಮಾರವ್ಯಾಸನೋ ಬರುತ್ತಾನೆ. ಇಲ್ಲವೇ ಯಕ್ಷಗಾನದ ತೆಂಕು ಬಡಗಿನ ಚರ್ಚೆ ನಡೆಯುತ್ತದೆ. ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಬ್ಯೂರೆಟ್ ಹಿಡಿದು ನಿವೃತ್ತನಾದ ನನ್ನನ್ನು ಕರೆದು ‘ನಿಮಗೆ ಗೊತ್ತಿರುವುದನ್ನೇ ಮಾತಾಡಿ’ ಅಂದರು. ಎರಡು ದಿನ ಯೋಚಿಸಿ ನಾನು ಆರಿಸಿಕೊಂಡದ್ದು ಇಲ್ಲಿಂದ ಐದೇ ಸ್ಟೇಷನ್ ಆಚೆ ಶುರುವಾದ ಒಂದು ಕಥೆಯನ್ನು. ಘಾಟ್ಕೋಪರಿನಲ್ಲಿ ಸ್ಲೋ ಲೋಕಲ್ ಹತ್ತಿ ವಿಕ್ರೋಲಿ, ಕಾಂಜೂರ್‌ಮಾರ್ಗ್, ಭಾಂಡುಪ್, ನಾಹುರ್ ದಾಟಿದರೆ ಮುಲುಂಡ್. ಜರ್ಮನಿಯ ಹೆಕ್ಸ್ಟ್ ಕಂಪನಿಯ ಸಂಶೋಧನಾ ಕೇಂದ್ರ ಅಲ್ಲಿತ್ತು. ನಾನು ಅಲ್ಲಿ ಕೆಲಸ ಮಾಡಿದವನಲ್ಲ. ಅದರ ಕಾಂಪೌಂಡನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ದಿನಾ ಕೆಲಸಕ್ಕೆ ಹೋದವನು, ಅಷ್ಟೇ.

1970ರ ದಶಕದಲ್ಲಿ ಆ ಕೇಂದ್ರದವರು ನಮ್ಮ ದೇಶದ ಗಿಡಮೂಲಿಕೆಗಳನ್ನು ಒಂದೊಂದಾಗಿ ಜಾಲಾಡುತ್ತಿದ್ದರು. ರಕ್ತದೊತ್ತಡ ಇಳಿಸುವ, ಹೃದಯಕ್ಕೆ ಬಲ ಕೊಡುವ ಹೊಸ ವಸ್ತು ಸಿಕ್ಕೀತೇ ಎಂಬುದು ಹುಡುಕಾಟ. ಹಾಗೆ ಕೈಗೆ ಬಂದದ್ದು ಕೋಲಿಯಸ್ ಫೋರ್ಸ್‌ಕೋಲಿ ಎಂಬ ಪುಟ್ಟ ಗಿಡದ ಬೇರು. ಕನ್ನಡದಲ್ಲಿ ಮಂಗನಬೇರು, ಮಕಂದಿ ಬೇರು ಎನ್ನುತ್ತಾರೆ. ನಾವು ಉಪ್ಪಿನಕಾಯಿ ಹಾಕುವ ಮಾಕಳಿ ಬೇರು ಇದಲ್ಲ. ಹೆಸರು ಹತ್ತಿರ, ಬೇರು ದೂರ. ಇದು ತುಳಸಿಯ ಬಳಗದ್ದು. ನಮ್ಮ ಹಿತ್ತಿಲಿನ ದೊಡ್ಡಪತ್ರೆ, ನಮ್ಮೂರಿನ ಕಡೆ ಮಳೆಗಾಲ ಮುಗಿದ ಮೇಲೆ ಅಗೆದು ತಿನ್ನುವ ಸಾಂಬ್ರಾಣಿ ಗಡ್ಡೆ, ಇವು ಇದರ ಅಕ್ಕತಂಗಿಯರು. ಘಾಟ್ಕೋಪರಿನ ಗುಜರಾತಿಗಳಿಗೆ ಕೇಳಿದರೆ ಗರ್ಮರ್ ಎನ್ನುತ್ತಾರೆ. ಅವರು ಇದರ ಬೇರನ್ನೇ ಉಪ್ಪಿನಕಾಯಿ ಹಾಕುತ್ತಾರೆ.

ಈ ಬೇರಿನಿಂದ ಹೆಕ್ಸ್ಟ್‌ನ ಸುಜಾತಾ ಭಟ್, ಬಾಜ್ವಾ, ನೋಯೆಲ್ ಡಿ ಸೋಜಾ ಮತ್ತು ಅವರ ಜರ್ಮನ್ ಸಹೋದ್ಯೋಗಿಗಳು ಬೇರ್ಪಡಿಸಿ, 1977ರಲ್ಲಿ ರಚನೆಯನ್ನು ಪ್ರಕಟಿಸಿದ ಸಂಯುಕ್ತವೇ ಫೋರ್ಸ್‌ಕೋಲಿನ್. ಇಪ್ಪತ್ತೆರಡು ಇಂಗಾಲ, ಮೂವತ್ತನಾಲ್ಕು ಜಲಜನಕ, ಏಳು ಆಮ್ಲಜನಕ. ಮೂರು ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಬಿಳಿಯ ಹರಳು. ಒಣಬೇರಿನಲ್ಲಿ ಇದರ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅದೇ ಕುಲದ ಬೇರೆ ಗಿಡಗಳಲ್ಲಿ ಹುಡುಕಿದರು, ಸಿಗಲಿಲ್ಲ. ಅಷ್ಟು ಅಕ್ಕತಂಗಿಯರಲ್ಲಿ ಈ ಒಬ್ಬಳ ಹತ್ತಿರ ಮಾತ್ರ ಈ ಒಡವೆ. ಸುಜಾತಾ ಭಟ್ ಮುಂದೆ ಪೊವಾಯಿಯ ಐಐಟಿಯಲ್ಲಿ ಪ್ರಾಧ್ಯಾಪಕರಾದರು. ಅಂದರೆ ಕಥೆಯ ಈ ಪಾತ್ರವೂ ನಮ್ಮ ಗುಡ್ಡದ ಆಚೆಬದಿಯಲ್ಲೇ ಉಳಿಯಿತು.

ಇದೇ ಹೊತ್ತಿಗೆ ಲಖನೌನ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರೂ ಅದೇ ಬೇರಿನಿಂದ ಒಂದು ವಸ್ತು ತೆಗೆದು ಕೋಲಿಯೊನಾಲ್ ಎಂದು ಹೆಸರಿಟ್ಟರು. ಎರಡೂ ಬೇರೆಬೇರೆ, ಒಂದು ಕಡೆ ಒಂದು ಕೊಂಡಿ ಮಾತ್ರ ಮಗುಚಿದೆ ಎಂದು ಕೆಲವು ವರ್ಷ ನಂಬಿದ್ದರು. 1985ರಲ್ಲಿ ಎರಡೂ ಒಂದೇ ಎಂದು ಇತ್ಯರ್ಥವಾಯಿತು. ಆಗ ಹೆಸರಿನ ಜಗಳ ಮುಗಿದೇಹೋಗಿತ್ತು. ಜಗತ್ತು ಕಂಪನಿ ಇಟ್ಟ ಹೆಸರನ್ನು ಹಿಡಿದುಕೊಂಡಿತ್ತು. ಸರಕಾರಿ ಲ್ಯಾಬಿನ ಹೆಸರು ಅಡಿಟಿಪ್ಪಣಿಗೆ ಇಳಿಯಿತು. ಇದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಹೆಸರಿನ ಮಾತು ಬಂತು, ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ಅಧ್ಯಕ್ಷರು ಕ್ಷಮಿಸಬೇಕು. ಗಿಡದ ಹೆಸರಿನಲ್ಲಿರುವವನು ಪೀಟರ್ ಫೋರ್ಸ್‌ಸ್ಕೋಲ್. ಗಿಡಗಳಿಗೆಲ್ಲ ಜೋಡಿಹೆಸರು ಕೊಟ್ಟ ಲಿನೇಯಸ್ಸನ ಶಿಷ್ಯ. ಡೆನ್ಮಾರ್ಕಿನ ರಾಜ ಅರಬ್ ದೇಶಕ್ಕೆ ಕಳಿಸಿದ ತಂಡದಲ್ಲಿದ್ದು, 1763ರಲ್ಲಿ ಯೆಮೆನಿನ ಯರೀಮ್ ಎಂಬಲ್ಲಿ ಮಲೇರಿಯಾದಿಂದ ಸತ್ತ. ವಯಸ್ಸು ಇನ್ನೂ ಮೂವತ್ತೊಂದು. ಉಳಿದವರು ಹಡಗು ಹತ್ತಿ ಬಂದದ್ದು ಎಲ್ಲಿಗೆ ಅಂತೀರಿ? ಮುಂಬಯಿಗೆ. ಚಿತ್ರಕಾರ ದಾರಿಯಲ್ಲೇ ಸಮುದ್ರದ ಪಾಲಾದ. ವೈದ್ಯ ಮುಂಬಯಿ ತಲುಪಿ ಇಲ್ಲೇ ತೀರಿಕೊಂಡ. ಕಾರ್ಸ್ಟನ್ ನೀಬೂರ್ ಒಬ್ಬನೇ ಬದುಕಿ ಉಳಿದು, ಇಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದು, ಘಾರಾಪುರಿಯ ಗುಹೆಗಳ ನಕ್ಷೆ ಬರೆದ. ಊರಿಗೆ ಮರಳಿದ ಮೇಲೆ ಸತ್ತ ಗೆಳೆಯನ ಸಸ್ಯಟಿಪ್ಪಣಿಗಳನ್ನು 1775ರಲ್ಲಿ ಅಚ್ಚು ಹಾಕಿಸಿದ. ಮುಂಬಯಿ ತಲುಪಲಾರದೆ ಸತ್ತವನ ಹೆಸರು ಇನ್ನೂರು ವರ್ಷ ಕಳೆದು ಮುಂಬಯಿಯ ಒಂದು ಫ್ಲಾಸ್ಕಿನ ತಳದಲ್ಲಿ ಹರಳುಗಟ್ಟಿತು.

ಇನ್ನು ಕಣ್ಣಿಗೆ ಬರೋಣ.

ಕಣ್ಣಿನೊಳಗೆ ಒಂದು ನೀರಿದೆ. ಅಳುವಾಗ ಬರುವ ಕಣ್ಣೀರಲ್ಲ ಅದು. ಗುಡ್ಡೆಯ ಮುಂಭಾಗದಲ್ಲಿ, ಕರಿಯಾಲಿಯ ಆಸುಪಾಸಿನಲ್ಲಿ ತುಂಬಿರುವ ತಿಳಿನೀರು. ಪಾಪೆಯ ಹಿಂದಿರುವ ಒಂದು ಅಂಗಾಂಶ ಅದನ್ನು ನಿಮಿಷಕ್ಕೆ ಎರಡು-ಮೂರು ಮೈಕ್ರೋಲೀಟರಿನಂತೆ ಸುರಿಸುತ್ತದೆ. ಪಾಪೆ ಮತ್ತು ಕಣ್ಣಿನ ಪಾರದರ್ಶಕ ಪರದೆ ಸೇರುವ ಮೂಲೆಯಲ್ಲಿ ಜರಡಿಯಂಥ ಒಂದು ಮೋರಿಯಿದೆ, ಅದರಿಂದ ಹೊರಗೆ ಹೋಗುತ್ತದೆ. ಸಿಎಸ್‌ಎಂಟಿಯಲ್ಲಿ ಸ್ಲೋ ಗಾಡಿ ಹತ್ತಿ ಕಲ್ಯಾಣ ದಾಟುವಷ್ಟರಲ್ಲಿ ಕಣ್ಣಿನ ಆ ನೀರು ಪೂರ್ತಿ ಬದಲಾಗಿರುತ್ತದೆ. ನಲ್ಲಿ ಮತ್ತು ಮೋರಿ ಹೊಂದಿಕೊಂಡಿದ್ದರೆ ಒಳಗಿನ ಒತ್ತಡ ಹತ್ತರಿಂದ ಇಪ್ಪತ್ತೊಂದು ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. 2005ರ ಜುಲೈ 26ರ ಮುಂಬಯಿ ನೆರೆಯನ್ನು ಕಂಡ ನಿಮಗೆ ಮೋರಿ ಕಟ್ಟಿಕೊಂಡರೆ ಏನಾಗುತ್ತದೆಂದು ನಾನು ವಿವರಿಸಬೇಕಾಗಿಲ್ಲ. ಕಣ್ಣಿನಲ್ಲಿ ನೀರು ಹೊರಗೆ ಉಕ್ಕಲಾರದು. ಹಿಂದಕ್ಕೆ ಒತ್ತುತ್ತದೆ. ಹಿಂಭಾಗದಲ್ಲಿ ಮಿದುಳಿಗೆ ಹೊರಡುವ ನರದ ಎಳೆಗಳು ಒಂದೊಂದಾಗಿ ಸಾಯುತ್ತವೆ. ಇದೇ ಗ್ಲಾಕೋಮಾ. ನಮ್ಮ ಘಾಟ್ಕೋಪರಿನ ಕಣ್ಣಿನ ಕ್ಲಿನಿಕ್ಕಿನಲ್ಲಿ ಕೂತರೆ ಇದಕ್ಕೆ ಮೂರು ಹೆಸರು ಕಿವಿಗೆ ಬೀಳುತ್ತವೆ. ಗುಜರಾತಿಗಳು ಝಾಮರ ಎನ್ನುತ್ತಾರೆ, ಮರಾಠಿಗರು ಕಾಚಬಿಂದು, ಉತ್ತರದವರು ಕಾಲಾ ಮೋತಿಯಾ. ನಮ್ಮವರು ಬಹಳ ಮಂದಿ ಎಲ್ಲವನ್ನೂ ಮೋತಿಬಿಂದುವಿಗೆ ಸೇರಿಸಿ, ‘ಪೊರೆ ಬಂದಿದೆ, ಬಲಿತ ಮೇಲೆ ತೆಗೆಸಿದರಾಯ್ತು’ ಎಂದು ಕೂತುಬಿಡುತ್ತಾರೆ. ಪೊರೆ ತೆಗೆದರೆ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಲ್ಲಿ ಹೋದದ್ದು ಹೋಯಿತು.

ನಲವತ್ತು ದಾಟಿದ ಭಾರತೀಯರಲ್ಲಿ ಸುಮಾರು ಒಂದು ಕೋಟಿ ಹನ್ನೆರಡು ಲಕ್ಷ ಮಂದಿಗೆ ಗ್ಲಾಕೋಮಾ ಇದೆಯೆಂದು 2010ರಲ್ಲಿ ಅಂದಾಜು ಮಾಡಿದರು. ಅವರಲ್ಲಿ ಹೆಚ್ಚಿನವರಿಗೆ ತಮಗೆ ಅದಿದೆಯೆಂಬುದೇ ಗೊತ್ತಿಲ್ಲ. ಯಾಕೆ ಗೊತ್ತಿಲ್ಲ ಎಂಬುದರ ಮೇಲೆ ಇಂದಿನ ಮಾತೆಲ್ಲ ನಿಂತಿದೆ. ಒತ್ತಡ ಥಟ್ಟನೆ ಏರುವ ಒಂದು ಬಗೆಯಿದೆ, ಅದರಲ್ಲಿ ತಲೆ ಸಿಡಿದು ವಾಂತಿಯಾಗಿ ಮನುಷ್ಯ ಆಸ್ಪತ್ರೆಗೆ ಓಡುತ್ತಾನೆ. ಮಿಕ್ಕಂತೆ ಹದಿನಾರು ಇದ್ದದ್ದು ಮೂವತ್ತಾದರೂ ಕಣ್ಣಿಗೆ ತಿಳಿಯುವುದಿಲ್ಲ. ಔಷಧ ಹಾಕಿ ಪುನಃ ಹದಿನಾರಕ್ಕೆ ಇಳಿಸಿದರೂ ತಿಳಿಯುವುದಿಲ್ಲ. ಹಸಿವು, ಜ್ವರ, ಹಲ್ಲುನೋವು ತಾವಾಗಿ ಬಂದು ಹೇಳುತ್ತವೆ. ಈ ಒತ್ತಡ ಮೂಕ. ಹಿಂದಿನ ವೈದ್ಯರು ಮುಚ್ಚಿದ ರೆಪ್ಪೆಯ ಮೇಲೆ ಬೆರಳಿಟ್ಟು, ಕಾಯಿ ಬಲಿತಿದೆಯೇ ಎಂದು ನೋಡುವ ಹಾಗೆ ಒತ್ತಿ ನೋಡುತ್ತಿದ್ದರು. 1905ರಲ್ಲಿ ನಾರ್ವೆಯ ಷ್ಯೋಟ್ಸ್ ಕಣ್ಣಿನ ಮೇಲಿಟ್ಟು ಅಳೆಯುವ ಸಣ್ಣ ಉಪಕರಣವೊಂದನ್ನು ತಂದ ಮೇಲೆ ಅಂದಾಜು ಹೋಗಿ ಅಂಕಿ ಬಂತು. ಅಂಕಿ ಬಂದ ಮೇಲೆ ಯಾವ ರಸಾಯನ ಏನು ಮಾಡುತ್ತದೆ ಎಂದು ತೂಗಿ ನೋಡುವುದಕ್ಕಾಯಿತು.

ಫೋರ್ಸ್‌ಕೋಲಿನ್ ಕಣ್ಣಿಗೆ ಬಂದ ದಾರಿ ನೇರವಾದದ್ದಲ್ಲ. 1981ರಲ್ಲಿ ಅಮೆರಿಕದ ಸೀಮನ್, ಡೇಲಿ ಮತ್ತಿತರರು ಅದರ ಒಳಗುಟ್ಟು ಹೊರಗಿಟ್ಟರು. ಅದನ್ನು ಹೋಟೆಲಿನ ಭಾಷೆಯಲ್ಲಿ ಹೇಳುತ್ತೇನೆ, ಈ ಸಭೆಯಲ್ಲಿ ಅರ್ಧ ಮಂದಿಗೆ ಬೇರೆ ಭಾಷೆ ಬೇಕಾಗಿಲ್ಲ. ಜೀವಕೋಶವೆಂದರೆ ಒಂದು ಉಡುಪಿ ಹೋಟೆಲು. ಹಾರ್ಮೋನು ಗಿರಾಕಿ. ಅವನು ಬಂದು ಕೂತು ಆರ್ಡರ್ ಕೊಟ್ಟರೆ ಮಾಣಿ ಒಳಗೆ ಕೂಗುತ್ತಾನೆ, ಭಟಾರಖಾನೆಯಲ್ಲಿ ಅಡಿಗೆಯವ ಒಲೆ ಹೊತ್ತಿಸುತ್ತಾನೆ. ಆ ಅಡಿಗೆಯವ ಅಡಿನೈಲೇಟ್ ಸೈಕ್ಲೇಸ್ ಎಂಬ ಕಿಣ್ವ. ಅವನು ಮಾಡುವ ತಿಂಡಿ ಸೈಕ್ಲಿಕ್ ಎಎಂಪಿ. ಈ ತಿಂಡಿ ಕಂಡುಹಿಡಿದ ಸದರ್ಲೆಂಡನಿಗೆ 1971ರಲ್ಲಿ ನೊಬೆಲ್ ಬಂದಿತ್ತು. ಅದುವರೆಗೆ ಗೊತ್ತಿದ್ದ ಔಷಧಗಳು ಹೆಚ್ಚಾಗಿ ಗಿರಾಕಿಯ ವೇಷ ಹಾಕಿ ಬಂದು ಕೂರುವಂಥವು. ಫೋರ್ಸ್‌ಕೋಲಿನ್ನಿಗೆ ಗಿರಾಕಿಯೂ ಬೇಡ, ಮಾಣಿಯೂ ಬೇಡ. ಸೀದಾ ಭಟಾರಖಾನೆಗೆ ನುಗ್ಗಿ ಅಡಿಗೆಯವನನ್ನೇ ಎಬ್ಬಿಸುತ್ತದೆ. ಅದನ್ನು ತಿಳಿದ ಕೂಡಲೇ ಜಗತ್ತಿನ ಜೀವಶಾಸ್ತ್ರದ ಲ್ಯಾಬುಗಳೆಲ್ಲ ಅದಕ್ಕೆ ಮುಗಿಬಿದ್ದವು. ಈಗಲೂ ಕೋಶಗಳ ಮೇಲೆ ಕೆಲಸ ಮಾಡುವ ಯಾವ ಲ್ಯಾಬಿನ ಫ್ರೀಜರ್ ತೆರೆದರೂ ಒಂದು ಪುಟ್ಟ ಶೀಶೆ ಫೋರ್ಸ್‌ಕೋಲಿನ್ ಇರುವುದೇ ಹೆಚ್ಚು. ಹೃದಯದ ಔಷಧಕ್ಕೆಂದು ಹೊರಟದ್ದು ಲ್ಯಾಬಿನ ಸಾಮಾನಾಗಿ ದಿಗ್ವಿಜಯ ಮಾಡಿತು.

ಕಣ್ಣಿನ ನೀರು ಸುರಿಸುವ ಅಂಗಾಂಶದಲ್ಲಿಯೂ ಇದೇ ಅಡಿಗೆಯವನಿದ್ದಾನೆ. ಅವನ ಒಲೆ ಜೋರಾದರೆ ನಲ್ಲಿಯ ನೀರು ಸಣ್ಣಗಾಗುತ್ತದೆಂಬ ಗುಮಾನಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕ್ಯಾಪ್ರಿಯೋಲಿ ಮತ್ತು ಸಿಯರ್ಸ್ ಎಂಬ ಇಬ್ಬರಿಗೆ ಬಂತು. ಮೊಲ, ಕೋತಿ, ಕೊನೆಗೆ ಮನುಷ್ಯ, ಮೂವರ ಕಣ್ಣಿಗೂ ಹನಿ ಹಾಕಿ ಅಳೆದರು. ಮೂರರಲ್ಲೂ ಒತ್ತಡ ಇಳಿಯಿತು. 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಮುಲುಂಡಿನ ಬೇರಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇರೇನಿದ್ದೀತು?

ಸನ್ಮಾನದ ಶಾಲು ಬಹಳ ದಿನ ಹೆಗಲ ಮೇಲೆ ನಿಲ್ಲಲಿಲ್ಲ. ಫೋರ್ಸ್‌ಕೋಲಿನ್ ನೀರಿನಲ್ಲಿ ಕರಗುವುದಿಲ್ಲ. ಕಣ್ಣಿನ ಹನಿಗೆ ಇದಕ್ಕಿಂತ ದೊಡ್ಡ ತೊಡಕಿಲ್ಲ, ಗಸಿಯಂತೆ ತೇಲಿಸಿ ಕೊಡಬೇಕು. ಹಾಕಿದರೆ ಕಣ್ಣು ಕೆಂಪಾಗುತ್ತದೆ. ಮುಂದಿನ ಪ್ರಯೋಗಗಳಲ್ಲಿ ಪರಿಣಾಮ ಒಂದೇ ಸಮ ಬರಲಿಲ್ಲ. ಜೊತೆಗೆ 1978ರಿಂದಲೇ ಅಮೆರಿಕದಲ್ಲಿ ಟಿಮೊಲಾಲ್ ಹನಿ ಮಾರುಕಟ್ಟೆಯಲ್ಲಿತ್ತು. ಅದು ನೀರಿನಲ್ಲಿ ಕರಗುತ್ತಿತ್ತು, ದಿನಕ್ಕೆ ಎರಡೇ ಹನಿ ಸಾಕಾಗುತ್ತಿತ್ತು. 1996ರಲ್ಲಿ ಲ್ಯಾಟನೊಪ್ರಾಸ್ಟ್ ಬಂದು ರಾತ್ರಿಗೆ ಒಂದೇ ಹನಿಯಲ್ಲಿ ಕೆಲಸ ಮುಗಿಸಿತು. ಅದು ನಲ್ಲಿಯ ತಂಟೆಗೆ ಹೋಗದೆ ಪಕ್ಕದ ಇನ್ನೊಂದು ದಾರಿಯಿಂದ ನೀರನ್ನು ಹೊರಗೆ ಬಿಡುತ್ತದೆ. ಹಾಕಿಕೊಂಡವರ ರೆಪ್ಪೆಗೂದಲು ಉದ್ದವಾಗುತ್ತದೆ ಎಂಬುದೊಂದು ವಿಚಿತ್ರ. ಹಾರ್ವರ್ಡಿನ ಕೋರಿ 1988ರಲ್ಲಿ ಫೋರ್ಸ್‌ಕೋಲಿನ್ನನ್ನು ಲ್ಯಾಬಿನಲ್ಲೇ ಮೊದಲಿಂದ ಕಟ್ಟಿ ತೋರಿಸಿದರು. ಅದು ರಸಾಯನಶಾಸ್ತ್ರದ ಕುಸ್ತಿ, ವ್ಯಾಪಾರಕ್ಕೆ ಬೇರೇ ಅಗ್ಗ. ಜಪಾನಿನವರು ಅಣುವಿಗೆ ಒಂದು ಬಾಲ ಜೋಡಿಸಿ ನೀರಿನಲ್ಲಿ ಕರಗುವಂತೆ ಮಾಡಿ ಹೃದಯದ ಇಂಜೆಕ್ಷನ್ ಮಾಡಿಕೊಂಡರು. ಮುಲುಂಡಿನವರ ಮೊದಲ ಆಸೆ ಅಲ್ಲಿ ಕೈಗೂಡಿತೆನ್ನಬೇಕು.

ಕಣ್ಣಿನ ಹನಿಯಾಗಿ ಅದನ್ನು ಮರಳಿ ಎತ್ತಿಕೊಂಡದ್ದು ಕರ್ನಾಟಕ. ಬೆಂಗಳೂರು ಪೀಣ್ಯದ ಸಾಮಿ ಲ್ಯಾಬ್ಸ್, ರೈತರಿಂದ ಈ ಬೇರು ಬೆಳೆಸಿ ಕೊಂಡುಕೊಳ್ಳುವ ಕಂಪನಿ, ನೂರಕ್ಕೆ ಒಂದು ಪಾಲಿನ ಹನಿ ತಯಾರಿಸಿತು. ಅವರು ಪ್ರಕಟಿಸಿದ ಅಧ್ಯಯನದಲ್ಲಿ 90 ರೋಗಿಗಳಿದ್ದರು. ನಾಲ್ಕು ವಾರದಲ್ಲಿ ಒತ್ತಡ ಸರಾಸರಿ ಐದು ಮಿಲಿಮೀಟರಿನ ಆಸುಪಾಸಿನಲ್ಲಿ ಇಳಿಯಿತೆಂದು ಬರೆದಿದ್ದಾರೆ. ಒಳ್ಳೆಯ ಅಂಕಿಯೇ. ಆದರೆ ಕ್ವಾಲಿಟಿ ಕಂಟ್ರೋಲಿನ ಹಳೆ ಚಾಳಿ ನನ್ನನ್ನು ಬಿಡುವುದಿಲ್ಲ. ಹನಿ ಯಾವುದೆಂದು ರೋಗಿಗೂ ಗೊತ್ತಿತ್ತು, ವೈದ್ಯನಿಗೂ ಗೊತ್ತಿತ್ತು. ಹೋಲಿಕೆಗೆ ಇನ್ನೊಂದು ಗುಂಪಿರಲಿಲ್ಲ. ಲೆಕ್ಕ ಬರೆದವರು ಅಂಗಡಿಯವರೇ. ಇದನ್ನು ನಂಬಬೇಡಿ ಎಂದಲ್ಲ. ಟಿಮೊಲಾಲಿಗೆ ಕೇಳಿದ ಪುರಾವೆಯನ್ನೇ ನಮ್ಮ ಮಣ್ಣಿನ ಬೇರಿಗೂ ಕೇಳಬೇಕು. ನಮ್ಮದು ಎಂಬ ಅಭಿಮಾನಕ್ಕೆ ತಕ್ಕಡಿಯಲ್ಲಿ ತೂಕವಿಲ್ಲ. ಅಮೆರಿಕದಲ್ಲಿ ಇದೇ ಬೇರಿನ ಸಾರವನ್ನು ಬೊಜ್ಜು ಕರಗಿಸುವ ಮಾತ್ರೆಯೆಂದು ಡಬ್ಬಿಗಟ್ಟಲೆ ಮಾರುತ್ತಾರೆ. ಅದಕ್ಕಿರುವ ಪುರಾವೆ ಬೊಜ್ಜಿಗಿಂತ ಬಹಳ ತೆಳ್ಳಗಿದೆ.

ಬೇರು-ಬೀಜಗಳಿಂದ ಕಣ್ಣಿನ ಒತ್ತಡಕ್ಕೆ ಬಂದ ಮೊದಲ ವಸ್ತು ಇದಲ್ಲ. ಪಶ್ಚಿಮ ಆಫ್ರಿಕದ ಕಲಬಾರಿನಲ್ಲಿ ಒಂದು ವಿಷದ ಕಾಳಿತ್ತು. ಆರೋಪಿಗೆ ತಿನ್ನಿಸಿ, ಬದುಕಿದರೆ ನಿರಪರಾಧಿ ಎನ್ನುತ್ತಿದ್ದರು. ಆ ಕಾಳಿನ ಸತ್ವವನ್ನು 1876ರಲ್ಲಿ ಗ್ಲಾಕೋಮಾಕ್ಕೆ ಹಾಕಿ ನೋಡಿದವನು ಲುಡ್ವಿಗ್ ಲಾಕ್ವೆರ್. ಅವನಿಗೆ ಸ್ವತಃ ಗ್ಲಾಕೋಮಾ ಇತ್ತು. ಅದರ ಬೆನ್ನಿಗೇ ಬ್ರೆಜಿಲ್ ಕಡೆಯ ಜಬೊರಾಂಡಿ ಎಲೆಯ ಪೈಲೊಕಾರ್ಪೀನ್ ಬಂತು. ಅದು ನೂರು ವರ್ಷ ಆಳಿತು. ಪಾಪೆಯನ್ನು ಬಿಗಿದು ಮೋರಿಯ ಬಾಯಿ ತೆರೆಯುತ್ತಿತ್ತು, ಹುಬ್ಬಿನ ಮೇಲೆ ನೋವು ತರುತ್ತಿತ್ತು, ಸಂಜೆಯಾದರೆ ಲೋಕ ಮಬ್ಬಾಗುತ್ತಿತ್ತು. ನಮ್ಮ ಬೇಲಿಯ ದತ್ತೂರ ಇದಕ್ಕೆ ತದ್ವಿರುದ್ಧ. ಅದರ ರಸ ಕಣ್ಣಿಗೆ ಸಿಡಿದರೆ ಪಾಪೆ ಅಗಲವಾಗಿ ಅರಳುತ್ತದೆ. ಮೂಲೆ ಇಕ್ಕಟ್ಟಾಗಿರುವ ಕಣ್ಣಾದರೆ ಮೋರಿಯೇ ಮುಚ್ಚಿಹೋಗಿ ಒತ್ತಡ ಗಂಟೆಗಳಲ್ಲಿ ಏರಬಹುದು. ಭಂಗಿಯ ಬಗ್ಗೆ ಪ್ರತಿ ಹೋಳಿ ಹಬ್ಬಕ್ಕೆ ಯಾರಾದರೂ ನನ್ನನ್ನು ಕೇಳುತ್ತಾರೆ. 1971ರಲ್ಲಿ ಅಮೆರಿಕದಲ್ಲಿ ಸೇದಿಸಿ ಅಳೆದರು, ಒತ್ತಡ ಇಳಿದದ್ದು ನಿಜ. ಇಳಿದದ್ದು ಮೂರು-ನಾಲ್ಕು ಗಂಟೆ ಮಾತ್ರ. ಕಣ್ಣು ಉಳಿಸಿಕೊಳ್ಳಲು ದಿನವಿಡೀ ಅಮಲಿನಲ್ಲಿರಬೇಕು.

ಈಗ ನಮ್ಮ ದೊಡ್ಡಪ್ಪನ ವಿಷಯ. ಈ ಉಪನ್ಯಾಸಕ್ಕೆ ನಾನು ಒಪ್ಪಿದ್ದೇ ಅದಕ್ಕಾಗಿ.

ದೊಡ್ಡಪ್ಪ ಇದೇ ಘಾಟ್ಕೋಪರಿನಲ್ಲಿ ಒಂದು ಕ್ಯಾಂಟೀನ್ ನಡೆಸುತ್ತಿದ್ದ. ಹೊಗೆಗೆ, ಮಸಾಲೆ ಘಾಟಿಗೆ ಕಣ್ಣು ಸದಾ ಕೆಂಪು, ತುರಿಕೆ. ಒಬ್ಬ ಮೆಡಿಕಲ್ ಸ್ಟೋರಿನವನು ಸಣ್ಣ ಬಾಟಲಿ ಕೊಟ್ಟ. ಹಾಕಿದ ಮರುದಿನವೇ ಕಣ್ಣು ಮಲ್ಲಿಗೆಯಂತೆ ಬೆಳ್ಳಗೆ. ದೊಡ್ಡಪ್ಪ ಅದನ್ನು ‘ತಂಪಿನ ಮದ್ದು’ ಅನ್ನುತ್ತಿದ್ದ. ಕೆಂಪಾದಾಗಲೆಲ್ಲ ಹಾಕಿದ, ಬಾಟಲಿ ಮುಗಿದಾಗಲೆಲ್ಲ ತಂದ. ಎರಡು ವರ್ಷ ಯಾರೂ ಚೀಟಿ ಕೇಳಲಿಲ್ಲ. ಆ ಬಾಟಲಿಯಲ್ಲಿದ್ದದ್ದು ಸ್ಟಿರಾಯ್ಡ್. ಹನಿಗಳನ್ನೇ ಪರೀಕ್ಷೆ ಮಾಡಿ ಸಂಬಳ ತಿನ್ನುತ್ತಿದ್ದ ನಾನು ಎಷ್ಟೋ ಭಾನುವಾರ ಅವನ ಮನೆಯಲ್ಲಿ ಉಂಡಿದ್ದೇನೆ, ಆ ಬಾಟಲಿ ಗೂಡಿನಲ್ಲಿ ನಿಂತದ್ದನ್ನು ನೋಡಿದ್ದೇನೆ, ಒಮ್ಮೆಯೂ ಲೇಬಲ್ ಓದಲಿಲ್ಲ.

ಸ್ಟಿರಾಯ್ಡ್ ಕಣ್ಣಿನ ಉರಿಯನ್ನು ಇಳಿಸುವಾಗ ಕೆಲವರಲ್ಲಿ ಮೋರಿಯ ಜರಡಿಯನ್ನು ನಿಧಾನಕ್ಕೆ ಕಟ್ಟಿಹಾಕುತ್ತದೆ. 1960ರ ದಶಕದಲ್ಲಿ ಆರ್ಮಲಿ, ಬೆಕರ್ ಎಂಬ ಇಬ್ಬರು ಜನರ ಕಣ್ಣಿಗೆ ವಾರಗಟ್ಟಲೆ ಸ್ಟಿರಾಯ್ಡ್ ಹನಿ ಹಾಕಿ ಅಳೆದು ತೋರಿಸಿದರು: ಸುಮಾರು ಮೂರರಲ್ಲಿ ಒಬ್ಬರಿಗೆ ಒತ್ತಡ ಒಂದಷ್ಟು ಏರುತ್ತದೆ, ನೂರರಲ್ಲಿ ಐದಾರು ಮಂದಿಗೆ ಅಪಾಯದ ಮಟ್ಟಕ್ಕೆ ಏರುತ್ತದೆ. ದೊಡ್ಡಪ್ಪ ಆ ಐದಾರರಲ್ಲಿ ಒಬ್ಬ. ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಎಡಬದಿಯಿಂದ ಬಂದವರಿಗೆಲ್ಲ ಢಿಕ್ಕಿ ಹೊಡೆಯತೊಡಗಿದ ಮೇಲೆ ಕಣ್ಣು ತೋರಿಸಿದೆವು. ಒತ್ತಡ ಮೂವತ್ತೆಂಟು. ಎಡಗಣ್ಣಿನ ನರ ಬಹುಪಾಲು ಸತ್ತಿತ್ತು.

‘ಮಗಾ, ಒಂದು ದಿನವೂ ನೋಯಲಿಲ್ಲ ಮಾರಾಯ’ ಎಂದ ದೊಡ್ಡಪ್ಪ. ‘ನೋಯುತ್ತಿದ್ದರೆ ನಾನೇ ಬಿಡುತ್ತಿರಲಿಲ್ಲವಾ?’

ಸ್ಟಿರಾಯ್ಡ್ ನಿಲ್ಲಿಸಿ ಟಿಮೊಲಾಲ್ ಕೊಟ್ಟರು. ಅದು ಉರಿಯುತ್ತದೆ. ದೊಡ್ಡಪ್ಪ ಒಂದು ಸಿದ್ಧಾಂತ ಕಟ್ಟಿಕೊಂಡ: ತಂಪಿನ ಮದ್ದು ಕಳ್ಳ, ಉರಿಯುವ ಮದ್ದು ನಿಯತ್ತಿನದು. ಕ್ಯಾಂಟೀನಿಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ. ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ ನನಗೂ ಸ್ವಲ್ಪ ದಿನ ನಿಜವೆನಿಸಿತ್ತು. ಆದರೆ ಅದೂ ತಪ್ಪು. ಒಂದು ಹನಿಯಲ್ಲಿ ನಲವತ್ತು-ಐವತ್ತು ಮೈಕ್ರೋಲೀಟರ್ ಇರುತ್ತದೆ, ರೆಪ್ಪೆಯ ಜೋಳಿಗೆ ಹಿಡಿಯುವುದು ಅದಕ್ಕಿಂತ ಕಡಿಮೆ. ಮಿಕ್ಕದ್ದರಲ್ಲಿ ಒಂದಷ್ಟು ಕೆನ್ನೆಗೆ ಹರಿಯುತ್ತದೆ, ಒಂದಷ್ಟು ಮೂಗಿನ ದಾರಿಯಿಂದ ನೇರ ರಕ್ತಕ್ಕೆ ಇಳಿಯುತ್ತದೆ. ಟಿಮೊಲಾಲ್ ಹಾಗೆ ಇಳಿದರೆ ದಮ್ಮಿನ ಕಾಯಿಲೆ ಇರುವವನಿಗೆ ಉಸಿರು ಕಟ್ಟುತ್ತದೆ, ನಾಡಿ ನಿಧಾನವಾಗುತ್ತದೆ. ನಮ್ಮ ಮನೆಯಲ್ಲೇ ಚಿಕ್ಕಮ್ಮನಿಗೆ ದಮ್ಮು. ದೊಡ್ಡಪ್ಪನ ‘ನಿಯತ್ತಿನ ಮದ್ದ’ನ್ನು ಅವಳೊಮ್ಮೆ ತಾನೂ ಹಾಕಿಕೊಳ್ಳಲು ಹೊರಟಾಗ ನಾನು ಕೈಯಿಂದ ಕಿತ್ತುಕೊಂಡೆ. ಆ ಸಲ ಲೇಬಲ್ ಓದಿದ್ದೆ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ಮೂರು ನಿಮಿಷ ಬೆರಳಿನಿಂದ ಒತ್ತಿ ಹಿಡಿದರೆ ಮದ್ದು ಮೂಗಿಗೆ ಇಳಿಯುವುದು ಕಡಿಮೆಯಾಗುತ್ತದೆ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಇಷ್ಟು ಹೇಳಿಕೊಡಲು ಓಪಿಡಿಯ ಗದ್ದಲದಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಆದ್ದರಿಂದ ಈ ವೇದಿಕೆಯಿಂದ ಹೇಳುತ್ತಿದ್ದೇನೆ.

ಒತ್ತಡ ಒಂದು ಮಿಲಿಮೀಟರ್ ಇಳಿದರೆ ಕಾಯಿಲೆ ಮುಂದುವರಿಯುವ ಸಂಭವ ಸುಮಾರು ಹತ್ತನೇ ಒಂದು ಪಾಲು ತಗ್ಗುತ್ತದೆಂದು ಸ್ವೀಡನ್ನಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದು ಕಂಡುಕೊಂಡಿತು. ಒಂದು ಮಿಲಿಮೀಟರನ್ನು ಯಾವ ಕಣ್ಣೂ ಅರಿಯಲಾರದು. ದೊಡ್ಡಪ್ಪ ಅದಾದ ಮೇಲೆ ಹದಿನಾಲ್ಕು ವರ್ಷ ಬದುಕಿದ. ಬಲಗಣ್ಣು ಕೊನೆಯವರೆಗೂ ಪೇಪರ್ ಓದುವಷ್ಟು ಉಳಿಯಿತು. ಪ್ರತಿ ಸಲ ಅಳೆದ ಅಂಕಿಯನ್ನು ಕ್ಯಾಂಟೀನಿನ ಉದ್ರಿ ಪುಸ್ತಕದ ಹಿಂದಿನ ಪುಟದಲ್ಲಿ ತಾರೀಕು ಹಾಕಿ ಬರೆದಿಟ್ಟಿದ್ದಾನೆ. ಹದಿನೇಳು, ಹದಿನಾರು, ಹದಿನೆಂಟು, ಹದಿನೈದು. ಆ ಪುಸ್ತಕ ನನ್ನ ಹತ್ತಿರ ಇದೆ.

ನಮ್ಮ ಮಹಡಿಯಲ್ಲಿ ಪಕ್ಕದ ಮನೆಯ ಗುಜರಾತಿ ಬೆನ್ ಅವರಿಗೂ ಝಾಮರ. ಹೊಸ ಲ್ಯಾಟನೊಪ್ರಾಸ್ಟ್ ಬಾಟಲಿಯನ್ನು ಅವರು ಫ್ರಿಜ್ಜಿನ ಬಾಗಿಲಲ್ಲಿ ಗರ್ಮರ್ ಉಪ್ಪಿನಕಾಯಿಯ ಬಾಟಲಿಯ ಪಕ್ಕದಲ್ಲೇ ಇಡುತ್ತಾರೆ. ಕಳೆದ ವಾರ ಈ ಭಾಷಣದ ತಯಾರಿಯಲ್ಲಿದ್ದಾಗ ಬೇರಿನ ಕಥೆಯನ್ನೆಲ್ಲ ಅವರಿಗೆ ಹೇಳಿದೆ. ಅವರು ಉಪ್ಪಿನಕಾಯಿಯನ್ನು ಬೆಳಕಿಗೆ ಹಿಡಿದು ನೋಡಿ, ‘ಹಾಗಾದರೆ ಭಾಯಿ, ದಿನಾ ಇದನ್ನು ತಿಂದರೆ ಹನಿ ಬಿಡಬಹುದಾ?’ ಎಂದರು. ಬಿಡಬಾರದು ಎಂದೆ. ಹೊಟ್ಟೆಗೆ ಹೋದ ಬೇರು ಕಣ್ಣಿಗೆ ಎಷ್ಟು ತಲುಪುತ್ತದೆಂದು ಯಾರೂ ಲೆಕ್ಕ ಕೊಟ್ಟಿಲ್ಲ ಎಂದೆ. ಅವರು ಸ್ವಲ್ಪ ಬೇಸರದಿಂದಲೇ ಎರಡು ತುಂಡು ತೆಗೆದು ತಟ್ಟೆಗೆ ಹಾಕಿಕೊಟ್ಟರು. ಈ ವರ್ಷದ್ದಕ್ಕೆ ಉಪ್ಪು ತುಸು ಹೆಚ್ಚಾಗಿತ್ತು.